ಕೆಟ್ಟರೂ ಕೈಬಿಡದ ಯಂತ್ರ

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಮುಮ್ಮಿಗಟ್ಟಿಯ ಆಸುಪಾಸಿನಲ್ಲಿ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಹೊಯ್ಸಳರ ದೇವಾಲಯವಿರುವ ಬೇಲೂರು ಬೇರೆ, ಇದು ಬೇರೆ. ಕೆಲವು ವರ್ಷಗಳ ಹಿಂದೆ ಬಿ.ಎಸ್‌ಸಿ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಅಲ್ಲಿನ ಒಂದು ಕಾರ್ಖಾನೆಗೆ ಕರೆದೊಯ್ದಿದ್ದೆ. ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ದೊಡ್ಡ ಪ್ರೆಸ್ ಯಂತ್ರ ಅದು. ಅದರ ಮೇಲೆ ಅಣಬೆಯ ಆಕಾರದ ಕೆಂಪು ಗುಂಡಿ ಇತ್ತು. ಅಪಾಯ ಬಂದಾಗ ಒತ್ತಿ ಯಂತ್ರ ನಿಲ್ಲಿಸುವ ಗುಂಡಿ. ವಿದ್ಯಾರ್ಥಿನಿಯೊಬ್ಬಳು ಅಲ್ಲಿದ್ದ ಕೆಲಸಗಾರರನ್ನು ಕೇಳಿದಳು: “ಅಣ್ಣಾರ, ಈ ಗುಂಡೀದು ವಾಯರ್ ಹರದ್ರ ಏನಾಗತೈತ್ರಿ?” ಅವರು ನಗುತ್ತ ಹೇಳಿದರು: “ಮಷೀನ್ ನಿಲ್ತೈತಿ ತಂಗಿ. ನಿಲ್ಲಲಿ ಅಂತನ ಹಂಗ ಜೋಡಿಸ್ಯಾರ.”

ಈ ಎರಡು ವಾಕ್ಯಗಳಲ್ಲಿ ಒಂದು ದೊಡ್ಡ ಎಂಜಿನಿಯರಿಂಗ್ ತತ್ತ್ವ ಅಡಗಿದೆ. ಮನೆಯ ಕರೆಗಂಟೆಯ ಗುಂಡಿಯನ್ನು ನೆನಪಿಸಿಕೊಳ್ಳಿ. ಒತ್ತಿದಾಗ ಮಂಡಲ ಪೂರ್ಣಗೊಂಡು ವಿದ್ಯುತ್ತು ಹರಿಯುತ್ತದೆ. ತಂತಿ ತುಂಡಾಗಿದ್ದರೆ ಗಂಟೆ ಬಾರಿಸುವುದಿಲ್ಲ. ತುಂಡಾಗಿರುವುದು ಒತ್ತಿದಾಗಲೇ ಗೊತ್ತಾಗುತ್ತದೆ. ಕೆಂಪು ಗುಂಡಿಯ ವ್ಯವಸ್ಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಯಂತ್ರ ಓಡುವಷ್ಟು ಹೊತ್ತೂ ಮಂಡಲ ಪೂರ್ಣವಾಗಿರುತ್ತದೆ, ಒಂದು ರಿಲೇಯ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಗುಂಡಿ ಒತ್ತಿದರೆ ಮಂಡಲ ಕಡಿಯುತ್ತದೆ, ಯಂತ್ರ ನಿಲ್ಲುತ್ತದೆ. ತಂತಿ ತುಂಡಾದರೂ, ಇಲಿ ಕಡಿದರೂ, ಕರೆಂಟು ಹೋದರೂ ಆಗುವುದು ಅದೇ. ಎಂದರೆ ದೋಷದ ಪರಿಣಾಮ ಏನಾಗಬೇಕೆಂದು ವಿನ್ಯಾಸಕಾರ ಮೊದಲೇ ತೀರ್ಮಾನಿಸಿದ್ದಾನೆ.

ಕೆಡದ ಯಂತ್ರವನ್ನು ಯಾರೂ ಮಾಡಿಲ್ಲ. ಕೆಟ್ಟಾಗ ಏನಾಗಬೇಕೆಂದು ಮೊದಲೇ ಯೋಚಿಸಿದವರ ಇತಿಹಾಸವೇ ಸುರಕ್ಷತೆಯ ಇತಿಹಾಸ. ಅದರ ಕೆಲವು ಘಟ್ಟಗಳನ್ನು ಇಲ್ಲಿ ನೋಡೋಣ.

ಸರಿಯಾದ ಉತ್ತರ, ಸರಿಯಾದ ಹೊತ್ತಿಗೆ

ಅದೇ ಪ್ರೆಸ್ ಯಂತ್ರಕ್ಕೆ ಎಡಕ್ಕೊಂದು, ಬಲಕ್ಕೊಂದು ಚಾಲನಾ ಗುಂಡಿಗಳಿದ್ದವು. ಎರಡನ್ನೂ ಒತ್ತಿದರೆ ಮಾತ್ರ ಯಂತ್ರ ಕೆಳಗಿಳಿಯುತ್ತದೆ. ಎರಡೂ ಕೈಗಳು ಗುಂಡಿಯ ಮೇಲಿದ್ದರೆ ಬೆರಳು ಯಂತ್ರದ ಬಾಯಲ್ಲಿ ಇರಲಾರದು. ಆದರೆ ಬೇಗ ಕೆಲಸ ಮುಗಿಸುವ ಆತುರದಲ್ಲಿ ಒಂದು ಗುಂಡಿಯನ್ನು ಬಟ್ಟೆಯಿಂದ ಬಿಗಿದು ಕಟ್ಟಿಬಿಟ್ಟರೆ? ಅದಕ್ಕೂ ಉತ್ತರ ಸಿದ್ಧವಿದೆ. ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನ ಅಂತರದೊಳಗೆ ಒತ್ತಬೇಕು. ಇಲ್ಲವಾದರೆ ಯಂತ್ರ ಚಲಿಸದು. ಪ್ರತಿ ಸಲವೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು.

ಇಲ್ಲಿ ಗುಂಡಿ ಒತ್ತಿದ್ದು ಸರಿಯೇ ಎಂಬುದಷ್ಟೇ ಪ್ರಶ್ನೆಯಲ್ಲ, ಯಾವಾಗ ಒತ್ತಿದ್ದು ಎಂಬುದೂ ಪ್ರಶ್ನೆ. ಇಂತಹ ವ್ಯವಸ್ಥೆಗಳನ್ನು ರಿಯಲ್ ಟೈಮ್ ವ್ಯವಸ್ಥೆಗಳು ಎನ್ನುತ್ತಾರೆ. ನಿಗದಿತ ಗಡುವು ಮೀರಿ ಬಂದ ಸರಿಯುತ್ತರವೂ ಇಲ್ಲಿ ತಪ್ಪುತ್ತರವೇ. ಯಂತ್ರದ ಒಡಲಲ್ಲೇ ಕುಳಿತು ಅದೊಂದೇ ಕೆಲಸ ಮಾಡುವ ಪುಟ್ಟ ಗಣಕಕ್ಕೆ ಎಂಬೆಡೆಡ್ ವ್ಯವಸ್ಥೆ ಎಂದು ಹೆಸರು.

ಧಾರವಾಡದವರಿಗೆ ಇದಕ್ಕೆ ಹತ್ತಿರದ ಉದಾಹರಣೆ ಬಸ್ಸು. ಟಾಟಾ ಮೋಟರ್ಸ್ ಮತ್ತು ಬ್ರೆಜಿಲ್ ದೇಶದ ಮಾರ್ಕೊಪೋಲೊ ಕಂಪನಿಗಳು 2006ರಲ್ಲಿ ಕೈಜೋಡಿಸಿದ ಫಲವಾಗಿ ಇಲ್ಲಿ ಬಸ್ಸು ಕಟ್ಟುವ ದೊಡ್ಡ ಕಾರ್ಖಾನೆ ಬಂತು. ಇಂದಿನ ಬಸ್ಸಿನಲ್ಲಿ ಎಬಿಎಸ್ ಎಂಬ ಬ್ರೇಕು ನಿಯಂತ್ರಣ ವ್ಯವಸ್ಥೆ ಇರುತ್ತದೆ. ಚಾಲಕ ಜೋರಾಗಿ ಬ್ರೇಕು ಒತ್ತಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದರೆ ಬಸ್ಸನ್ನು ತಿರುಗಿಸುವುದು ಅಸಾಧ್ಯ. ಚಕ್ರದ ವೇಗವನ್ನು ಸಂವೇದಕ ಅಳೆಯುತ್ತದೆ. ಚಕ್ರ ಕಟ್ಟಿಕೊಳ್ಳುವ ಸೂಚನೆ ಕಂಡೊಡನೆ ಗಣಕವು ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಬಿಗಿಗೊಳಿಸುತ್ತದೆ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಗಣಕದ ನಿರ್ಧಾರ 0.1 ಸೆಕೆಂಡು ತಡವಾದರೆ ಬಸ್ಸು 2 ಮೀಟರ್ ಮುಂದೆ ಹೋಗಿರುತ್ತದೆ. ಎದುರಿಗೆ ಮಗುವೊಂದು ನಿಂತಿದ್ದರೆ ಆ 2 ಮೀಟರಿನ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ರೈಲು ಕಲಿಸಿದ ಪಾಠ

‘ಕೆಟ್ಟರೆ ನಿಲ್ಲಲಿ’ ಎಂಬ ತತ್ತ್ವ ಗಣಕಗಳಿಗಿಂತ ಹಳೆಯದು. ಅದನ್ನು ಕಲಿಸಿದ್ದು ರೈಲು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ಮಕ್ಕಳೇ ಹೆಚ್ಚಾಗಿದ್ದ ವಿಹಾರದ ರೈಲೊಂದು ಏರಿನಲ್ಲಿ ನಿಂತುಹೋಯಿತು. ಮುಂದಿನ ಕೆಲವು ಬೋಗಿಗಳನ್ನಷ್ಟೇ ಎಳೆದೊಯ್ಯೋಣವೆಂದು ಹಿಂದಿನ ಬೋಗಿಗಳನ್ನು ಕಳಚಿದರು. ಆ ರೈಲಿನ ಬ್ರೇಕು ಹಿಡಿಯಲು ಎಂಜಿನ್ನಿನಿಂದ ನಿರ್ವಾತ ಬೇಕಿತ್ತು. ಕಳಚಿದ ಬೋಗಿಗಳಿಗೆ ನಿರ್ವಾತ ತಪ್ಪಿತು, ಬ್ರೇಕೂ ತಪ್ಪಿತು. ಕೈಬ್ರೇಕು ಆ ಭಾರ ತಡೆಯಲಿಲ್ಲ. ಬೋಗಿಗಳು ಹಿಂದಕ್ಕೆ ಉರುಳಿ, ಹಿಂದೆ ಬರುತ್ತಿದ್ದ ರೈಲಿಗೆ ಬಡಿದು ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟನ್ ಕಾನೂನು ಮಾಡಿ ಪ್ರಯಾಣಿಕರ ರೈಲುಗಳಿಗೆ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯಗೊಳಿಸಿತು.

ಇಲ್ಲಿ ‘ಸ್ವಯಂಚಾಲಿತ’ ಪದದ ಅರ್ಥವನ್ನು ಗಮನಿಸಿ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದ ಆರಂಭದಲ್ಲೇ ಇಂತಹ ಬ್ರೇಕನ್ನು ರೂಪಿಸಿದ್ದ. ಅವನು ಮಾಡಿದ್ದು ಕ್ರಮವನ್ನು ತಿರುವುಮುರುವು ಮಾಡಿದ್ದು, ಅಷ್ಟೆ. ಕೊಳವೆಯಲ್ಲಿ ಗಾಳಿಯ ಒತ್ತಡ ಇರುವಷ್ಟು ಕಾಲ ಬ್ರೇಕು ಸಡಿಲ. ಒತ್ತಡ ಹೋದರೆ ಬ್ರೇಕು ಬಿಗಿ. ಕೊಳವೆ ಒಡೆದರೂ, ಬೋಗಿ ಕಳಚಿದರೂ ಬ್ರೇಕು ತಾನೇ ಹಿಡಿಯುತ್ತದೆ. ಭಾರತದ ರೈಲುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸ್ವಯಂಚಾಲಿತ ನಿರ್ವಾತ ಬ್ರೇಕಿನಲ್ಲಿ ಇದೇ ಕೆಲಸವನ್ನು ನಿರ್ವಾತ ಮಾಡುತ್ತಿತ್ತು. ಹುಬ್ಬಳ್ಳಿಯಲ್ಲಿ ರೈಲು ಹತ್ತುವಾಗ ನೀವು ನೋಡುವ ಅಪಾಯದ ಸರಪಳಿಗೂ ಇದೇ ಆಧಾರ. ಅದನ್ನೆಳೆದಾಗ ಬ್ರೇಕಿನ ಕೊಳವೆಯ ಗಾಳಿ ಸೋರಿಹೋಗುತ್ತದೆ, ರೈಲು ನಿಲ್ಲುತ್ತದೆ.

ಬಸ್ಸಿನ ಚಾಲಕ ಇಳಿಯುವ ಮುನ್ನ ‘ಪುಸ್’ ಎಂದು ಗಾಳಿ ಬಿಡುವ ಸದ್ದನ್ನು ಕೇಳಿದ್ದೀರಲ್ಲವೆ? ಗಾಳಿ ಹೋದಾಗ ಅದುಮಿಟ್ಟಿದ್ದ ಬಲವಾದ ಸ್ಪ್ರಿಂಗ್ ಬಿಡುಗಡೆಯಾಗಿ ಚಕ್ರವನ್ನು ಹಿಡಿಯುತ್ತದೆ. ಕೆಂಪು ಗುಂಡಿ, ಸರಪಳಿ, ಬಸ್ಸಿನ ಸ್ಪ್ರಿಂಗ್ ಬ್ರೇಕು ಎಲ್ಲವೂ ಒಂದೇ ಕುಲದವು. ನಿಲ್ಲುವುದೇ ಸುರಕ್ಷಿತ ಎಂಬುದು ಈ ಕುಲದ ನಂಬಿಕೆ. ಇದಕ್ಕೆ ಫೇಲ್ ಸೇಫ್ ತತ್ತ್ವ ಎಂದು ಹೆಸರು.

ಎಬಿಎಸ್ ಇವುಗಳಿಂದ ಸ್ವಲ್ಪ ಬೇರೆ. ಬಸ್ಸಿನ ಕೀಲಿ ತಿರುಗಿಸಿದಾಗ ಚಾಲಕನ ಮುಂದೆ ಎಬಿಎಸ್ ದೀಪವೊಂದು ಹತ್ತಿ ಆರುತ್ತದೆ. ವ್ಯವಸ್ಥೆ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಗುರುತು ಅದು. ದೀಪ ಆರದೆ ಉಳಿದರೆ ಎಲ್ಲೋ ದೋಷವಿದೆ ಎಂದರ್ಥ. ಆಗ ಎಬಿಎಸ್ ತಾನಾಗಿ ಬದಿಗೆ ಸರಿಯುತ್ತದೆ. ಸಾಮಾನ್ಯ ಬ್ರೇಕು ಮೊದಲಿನಂತೆ ಕೆಲಸ ಮಾಡುತ್ತದೆ. ಅನುಕೂಲ ಕಡಿಮೆಯಾಯಿತು, ಆದರೆ ಬ್ರೇಕು ಉಳಿಯಿತು. ದೋಷವನ್ನು ಮುಚ್ಚಿಡದೆ ಚಾಲಕನಿಗೆ ತಿಳಿಸಿತು.

ನಿಲ್ಲುವಂತಿಲ್ಲದಾಗ

ಹಾಗಾದರೆ ಆಕಾಶದಲ್ಲಿ ಹಾರುವ ವಿಮಾನದ ಗತಿ ಏನು? ದೋಷ ಕಂಡಿತೆಂದು ಅದರ ನಿಯಂತ್ರಣ ಗಣಕ ‘ನಾನು ನಿಲ್ಲುತ್ತೇನೆ’ ಎನ್ನುವಂತಿಲ್ಲ. ನಿಲ್ಲುವುದೇ ಅಲ್ಲಿ ಅನಾಹುತ. ಕೆಟ್ಟ ಭಾಗವನ್ನು ಒಳಗೇ ಇಟ್ಟುಕೊಂಡು ಕೆಲಸ ಮುಂದುವರಿಸುವ ಗುಣ ಬೇಕು. ಇದೇ ದೋಷಸಹಿಷ್ಣುತೆ.

ಕಲ್ಪನೆ ಹಳೆಯದು. ಲೆಕ್ಕದ ಕೋಷ್ಟಕಗಳನ್ನು ಮನುಷ್ಯರೇ ಕೈಯಿಂದ ತಯಾರಿಸುತ್ತಿದ್ದ ಕಾಲದಲ್ಲಿ, 1834ರಲ್ಲಿ, ಡಯೊನೀಸಿಯಸ್ ಲಾರ್ಡ್ನರ್ ಎಂಬಾತ ಬ್ಯಾಬೇಜನ ಯಂತ್ರದ ಬಗ್ಗೆ ಬರೆಯುತ್ತ ಒಂದು ಮಾತು ಹೇಳಿದ್ದ. ಒಂದೇ ಲೆಕ್ಕವನ್ನು ಬೇರೆಬೇರೆಯವರಿಂದ ಮಾಡಿಸಿ ಹೋಲಿಸಿದರೆ ತಪ್ಪು ಸಿಕ್ಕುತ್ತದೆ. ಅವರು ಬೇರೆಬೇರೆ ವಿಧಾನ ಅನುಸರಿಸಿದರಂತೂ ಪರೀಕ್ಷೆ ಇನ್ನೂ ಗಟ್ಟಿ. ಈ ಮಾತಿನ ಎರಡನೆಯ ಭಾಗವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 1952ರಲ್ಲಿ ಜಾನ್ ವಾನ್ ನಾಯ್‌ಮನ್ ನಂಬಲರ್ಹವಲ್ಲದ ಭಾಗಗಳಿಂದ ನಂಬಲರ್ಹ ಯಂತ್ರವನ್ನು ಕಟ್ಟುವ ಗಣಿತವನ್ನು ಉಪನ್ಯಾಸಗಳಲ್ಲಿ ವಿವರಿಸಿದರು. 1956ರಲ್ಲಿ ಅದು ಪ್ರಕಟವಾಯಿತು. ಅದರ ತಿರುಳು ಬಹುಮತ.

ಲೆಕ್ಕ ಸುಲಭ. ಒಂದು ಘಟಕ ನಿರ್ದಿಷ್ಟ ಅವಧಿಯಲ್ಲಿ ಕೆಡದೆ ಉಳಿಯುವ ಸಂಭವನೀಯತೆ ‘ವ’ ಆಗಿರಲಿ. ಮೂರು ಘಟಕಗಳನ್ನಿಟ್ಟು ಅವುಗಳಲ್ಲಿ ಕನಿಷ್ಠ ಎರಡು ಹೇಳಿದ್ದನ್ನು ಒಪ್ಪಿಕೊಂಡರೆ, ಇಡೀ ವ್ಯವಸ್ಥೆ ಉಳಿಯುವ ಸಂಭವನೀಯತೆ 3ವ² – 2ವ³. ವ = 0.99 ಎಂದು ಹಾಕಿ ನೋಡಿ. 0.9997 ಬರುತ್ತದೆ. ಕೆಡುವ ಸಂಭವ ನೂರಕ್ಕೆ ಒಂದು ಇದ್ದದ್ದು ಹತ್ತು ಸಾವಿರಕ್ಕೆ ಸುಮಾರು ಮೂರಕ್ಕೆ ಇಳಿಯಿತು.

ಇನ್ನು ವ = 0.5 ಹಾಕಿ. ಉತ್ತರ 0.5. ಮೂರಿಟ್ಟೂ ಲಾಭವಿಲ್ಲ! ವ = 0.4 ಆದರೆ ಉತ್ತರ 0.352, ಒಂದಕ್ಕಿಂತ ಮೂರು ಕೀಳು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಬಿಂದು. ಘಟಕಗಳು ವಿಕಿರಣಶೀಲ ಪರಮಾಣುಗಳಂತೆ ಘಾತೀಯ ನಿಯಮದಲ್ಲಿ ಕೆಡುತ್ತವೆಂದು ಭಾವಿಸಿದರೆ, ವ = 0.5 ಆಗುವುದು ಅರ್ಧಾಯುಷ್ಯ ಕಳೆದಾಗ. ಅದರಾಚೆ ಮೂರು ಘಟಕಗಳ ವ್ಯವಸ್ಥೆ ಒಂಟಿ ಘಟಕಕ್ಕಿಂತ ದುರ್ಬಲ. ಅದರ ಸರಾಸರಿ ಆಯುಷ್ಯವೂ ಒಂಟಿ ಘಟಕದ ಸರಾಸರಿ ಆಯುಷ್ಯದ 5/6 ಭಾಗ ಮಾತ್ರ. ಹೀಗಾಗಿ ಬಹುಮತದ ವ್ಯವಸ್ಥೆ ಚಿಕ್ಕ ಅವಧಿಯ ಹಾರಾಟಕ್ಕೆ ಸೊಗಸಾಗಿ ಹೊಂದುತ್ತದೆ. ಪ್ರತಿ ಹಾರಾಟದ ನಂತರ ಕೆಟ್ಟ ಘಟಕವನ್ನು ಗುರುತಿಸಿ ಬದಲಿಸಬೇಕು. ದುರಸ್ತಿಯಿಲ್ಲದ ದೋಷಸಹಿಷ್ಣುತೆ ಬಹಳ ದಿನ ಬಾಳದು.

ಬೆಂಗಳೂರಿನ ನಾಲ್ಕು ಕವಲುಗಳು

1972ರ ಮೇ 25ರಂದು ಅಮೆರಿಕದಲ್ಲಿ ನಾಸಾ ಸಂಸ್ಥೆಯ ಎಫ್-8 ವಿಮಾನವು ಪೈಲಟ್ಟಿನ ಹಿಡಿಕೆಗೂ ರೆಕ್ಕೆಗೂ ನಡುವೆ ಯಾಂತ್ರಿಕ ಜೋಡಣೆ ಇಲ್ಲದೆ, ಡಿಜಿಟಲ್ ಗಣಕದ ಮೂಲಕ ಹಾರಿತು. ಚಂದ್ರಯಾತ್ರೆಗೆಂದು ಮಾಡಿದ್ದ ಅಪೋಲೋ ಗಣಕವೇ ಅದರಲ್ಲಿತ್ತು. ಈ ವಿಧಾನಕ್ಕೆ ಫ್ಲೈ ಬೈ ವೈರ್ ಎಂದು ಹೆಸರು.

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಬೆಂಗಳೂರಿನಲ್ಲಿ. ಹಗುರ ಯುದ್ಧವಿಮಾನಕ್ಕಾಗಿ 1984ರಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾಯಿತು. ಮುಂದೆ 2003ರಲ್ಲಿ ತೇಜಸ್ ಎಂಬ ಹೆಸರು ಪಡೆದ ಈ ವಿಮಾನವನ್ನು ಉದ್ದೇಶಪೂರ್ವಕವಾಗಿ ಅಸ್ಥಿರವಾಗಿ ವಿನ್ಯಾಸ ಮಾಡಲಾಯಿತು. ಅಸ್ಥಿರ ವಿಮಾನ ಚುರುಕಾಗಿ ತಿರುಗುತ್ತದೆ, ಆದರೆ ಕ್ಷಣಕ್ಷಣವೂ ತಿದ್ದದಿದ್ದರೆ ಉರುಳಿಹೋಗುತ್ತದೆ.

ಎಷ್ಟು ಬೇಗ ತಿದ್ದಬೇಕು? ಅಂಗೈ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೇರವಾಗಿ ನಿಲ್ಲಿಸಿ ನೋಡಿ. ಸ್ವಲ್ಪ ಅಭ್ಯಾಸವಾದರೆ ನಿಲ್ಲುತ್ತದೆ. ಈಗ 15 ಸೆಂ.ಮೀ. ಉದ್ದದ ಪೆನ್ಸಿಲ್ ನಿಲ್ಲಿಸಿ, ಆಗುವುದಿಲ್ಲ. ಕೋಲಿನ ಓರೆ ಸುಮಾರು 0.26 ಸೆಕೆಂಡಿಗೊಮ್ಮೆ 2.7 ಪಟ್ಟು ಬೆಳೆಯುತ್ತದೆ. ಪೆನ್ಸಿಲಿನದು ಸುಮಾರು 0.1 ಸೆಕೆಂಡಿಗೊಮ್ಮೆ. ಕಣ್ಣು ಕಂಡು ಕೈ ಪ್ರತಿಕ್ರಿಯಿಸಲು ನಮಗೆ ಸುಮಾರು 0.2 ಸೆಕೆಂಡು ಬೇಕು. ಅಷ್ಟರಲ್ಲಿ ಪೆನ್ಸಿಲು ಕೈ ಮೀರಿರುತ್ತದೆ. ಅಸ್ಥಿರ ವಿಮಾನವೂ ಹಾಗೆಯೇ. ಅದನ್ನು ಗಣಕವೇ ಸೆಕೆಂಡಿಗೆ ಹತ್ತಾರು ಬಾರಿ ತಿದ್ದಬೇಕು. ಆ ಗಣಕ ಮೌನವಾದರೆ ಪೈಲಟ್ಟಿನ ಕೌಶಲವೂ ವ್ಯರ್ಥ.

ಆದ್ದರಿಂದ ತೇಜಸ್‌ನ ಹಾರಾಟ ನಿಯಂತ್ರಣ ಗಣಕದಲ್ಲಿ ನಾಲ್ಕು ಸಮಾನಾಂತರ ಕವಲುಗಳಿವೆ. ನಾಲ್ಕೂ ಒಂದೇ ಲೆಕ್ಕವನ್ನು ಮಾಡಿ ಪರಸ್ಪರ ಹೋಲಿಸುತ್ತವೆ. ಒಂದು ಬೇರೆ ಉತ್ತರ ಕೊಟ್ಟರೆ ಉಳಿದ ಮೂರು ಅದನ್ನು ಹೊರಗಿಡುತ್ತವೆ. ಇನ್ನೂ ಒಂದು ಕೆಟ್ಟರೆ ಉಳಿದ ಮೂರರಲ್ಲಿ ಎರಡರ ಬಹುಮತ ಇದ್ದೇ ಇರುತ್ತದೆ. ಮೂರೇ ಇದ್ದಿದ್ದರೆ ಎರಡನೆಯ ದೋಷ ಬಂದಾಗ ಇಬ್ಬರಲ್ಲಿ ಯಾರು ಸರಿ ಎಂದು ಹೇಳುವವರೇ ಇರುತ್ತಿರಲಿಲ್ಲ.

ಈ ನಿಯಂತ್ರಣ ನಿಯಮಗಳಿಗಾಗಿ 1992ರಲ್ಲಿ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ ತಂಡವೊಂದನ್ನು ಕಟ್ಟಲಾಯಿತು. ಗಣಕವನ್ನು ಬೆಂಗಳೂರಿನದೇ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ರೂಪಿಸಿತು. ಅಮೆರಿಕದ ಕಂಪನಿಯೊಂದರ ಸಹಕಾರವೂ ಇತ್ತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆಗಳು ನಡೆದ ನಂತರ ಅಮೆರಿಕ ನಿರ್ಬಂಧ ಹೇರಿತು. ಆ ಸಹಕಾರ ನಿಂತುಹೋಯಿತು. ಒಂದು ರೀತಿಯಲ್ಲಿ ಯೋಜನೆಯ ಒಂದು ಕವಲೇ ಕಡಿದುಬಿತ್ತು. ಉಳಿದ ಕೆಲಸವನ್ನು ನಮ್ಮವರೇ ಮಾಡಬೇಕಾಯಿತು. ವಿಮಾನದ ನಿಜವಾದ ನಿಯಂತ್ರಣ ಭಾಗಗಳನ್ನು ನೆಲದ ಮೇಲೆ ಚೌಕಟ್ಟಿನಲ್ಲಿ ಜೋಡಿಸಿ ಪರೀಕ್ಷಿಸಿದರು. ‘ಐರನ್ ಬರ್ಡ್’ ಎಂದು ಅದನ್ನು ಕರೆಯುತ್ತಾರೆ. ಇಂತಹ ಚೌಕಟ್ಟಿನಲ್ಲಿ ಬೇಕೆಂದೇ ದೋಷಗಳನ್ನು ಹೊಗಿಸಿ, ವ್ಯವಸ್ಥೆ ಹೇಗೆ ವರ್ತಿಸುತ್ತದೆಂದು ನೋಡಬಹುದು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಆ ವಿಮಾನವನ್ನು ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿಗೆ ಹಾರಿಸಿದರು.

ತೇಜಸ್ ಎಂದೂ ಬಿದ್ದಿಲ್ಲವೆಂದು ಹೇಳಲಾಗದು. 2024ರ ಮಾರ್ಚಿನಲ್ಲಿ ಜೈಸಲ್ಮೇರಿನ ಬಳಿಯೂ 2025ರ ನವೆಂಬರಿನಲ್ಲಿ ದುಬೈಯಲ್ಲಿಯೂ ಅಪಘಾತಗಳಾದವು. ದುಬೈಯಲ್ಲಿ ಪೈಲಟ್ಟಿನ ಜೀವ ಹೋಯಿತು. ನಾಲ್ಕು ಕವಲುಗಳು ತಡೆಯುವುದು ತಾವು ಎಣಿಸಿದ ಬಗೆಯ ದೋಷಗಳನ್ನು ಮಾತ್ರ. ಎಷ್ಟು ಕವಲುಗಳಿದ್ದರೂ ಸುರಕ್ಷತೆ ಮುಗಿದ ಲೆಕ್ಕವಲ್ಲ.

ನಕಲು ಮಾಡಿದ ಸಾಕ್ಷಿಗಳು

ಬಹುಮತದ ಲೆಕ್ಕದಲ್ಲಿ ನಾವು ಒಂದು ಷರತ್ತನ್ನು ಹೇಳದೆ ಬಿಟ್ಟಿದ್ದೆವು. ಘಟಕಗಳು ಒಂದರ ಹಂಗಿಲ್ಲದೆ ಇನ್ನೊಂದು ಕೆಡಬೇಕು. ಎಲ್ಲವೂ ಒಂದೇ ಕಾರಣಕ್ಕೆ ಒಟ್ಟಿಗೇ ಕೆಟ್ಟರೆ?

1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟದಲ್ಲಿ ಇದೇ ಆಯಿತು. ದಿಕ್ಕು ಹೇಳುವ ಘಟಕಗಳು ಎರಡಿದ್ದವು, ಒಂದು ಕೆಟ್ಟರೆ ಇನ್ನೊಂದು ಇರಲೆಂದು. ಎರಡರಲ್ಲೂ ಹಿಂದಿನ ಏರಿಯಾನ್-4ರಿಂದ ತಂದ ಒಂದೇ ತಂತ್ರಾಂಶ. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಬದಲಿಸುವಾಗ ಅದು ಮಿತಿ ಮೀರಿತು. 16 ಬಿಟ್‌ಗಳಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಕಾದಿರಿಸಿದ ಘಟಕ ಮೊದಲು ಕೆಟ್ಟಿತು, ಕ್ಷಣಾರ್ಧದಲ್ಲಿ ಮುಖ್ಯ ಘಟಕವೂ ಅದೇ ಕಾರಣಕ್ಕೆ ಕೆಟ್ಟಿತು. ದೋಷ ಕಂಡರೆ ಕೆಲಸ ನಿಲ್ಲಿಸುವುದು ಆ ಘಟಕಗಳಿಗೆ ಹೇಳಿಕೊಟ್ಟಿದ್ದ ಪಾಠ. ಕಾರ್ಖಾನೆಯ ಪ್ರೆಸ್ಸಿಗೆ ಸರಿಯಾದ ಪಾಠ, ಹಾರುವ ರಾಕೆಟ್ಟಿಗೆ ತಪ್ಪು ಪಾಠ. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ತುಂಡುತುಂಡಾಯಿತು. ಬೇರೆಬೇರೆ ವಿಧಾನ ಬೇಕೆಂದು 1834ರಲ್ಲೇ ಬರೆದದ್ದನ್ನು ಇಲ್ಲಿ ನೆನೆಯಿರಿ. ಅಮೆರಿಕದ ಸ್ಪೇಸ್ ಷಟಲ್ಲಿನಲ್ಲಿ ನಾಲ್ಕು ಗಣಕಗಳಿಗೆ ಒಂದು ತಂತ್ರಾಂಶ, ಐದನೆಯದಕ್ಕೆ ಬೇರೆಯವರು ಬರೆದ ಬೇರೆ ತಂತ್ರಾಂಶ ಇದ್ದದ್ದು ಇದಕ್ಕಾಗಿಯೇ.

ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ನನ್ನದೇ ವಿದ್ಯಾರ್ಥಿ ದಿನಗಳ ಒಂದು ಲೋಲಕ ನೆನಪಾಗುತ್ತದೆ. ಪ್ರಯೋಗಶಾಲೆಯ ಸ್ಟಾಪ್‌ವಾಚು ನಿಧಾನವಾಗಿ ಓಡುತ್ತಿತ್ತು. ಗಡಿಯಾರ ಶೇಕಡಾ 5ರಷ್ಟು ಹಿಂದೆ ಬಿದ್ದರೆ ಗುರುತ್ವ ವೇಗೋತ್ಕರ್ಷ ಶೇಕಡಾ 10ರಷ್ಟು ಹೆಚ್ಚು ಬರುತ್ತದೆ. ನನಗೆ ಬಂದದ್ದು 10.8. ಬೈಗುಳ ತಿನ್ನಬಾರದೆಂದು ಅಂಕಿಗಳನ್ನು ತಿದ್ದಿ 9.8 ಎಂದು ಬರೆದೆ. ತರಗತಿಯ ಎಲ್ಲರದೂ 9.8! ಎಲ್ಲರ ಉತ್ತರವೂ ಒಂದೇ ಆಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕೆಟ್ಟ ಗಡಿಯಾರ ಆ ವರ್ಷವಿಡೀ ಅಲ್ಲೇ ಇತ್ತು. ನಾವು ಇಪ್ಪತ್ತು ಸಾಕ್ಷಿಗಳಾಗಿರಲಿಲ್ಲ. ಒಂದೇ ಪುಸ್ತಕದ ಇಪ್ಪತ್ತು ನಕಲುಗಳಾಗಿದ್ದೆವು.

ಸೋಲನ್ನು ಎಣಿಸಿ ಗೆದ್ದದ್ದು

2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಬೆಂಗಳೂರಿನಿಂದ ಹೊರಟ ಸಂಕೇತಕ್ಕೆ ಚಂದ್ರನನ್ನು ಮುಟ್ಟಲು ಸುಮಾರು 1.3 ಸೆಕೆಂಡು ಬೇಕು. ಇಳಿಯುವಾಗ ಲ್ಯಾಂಡರಿನ ಗಣಕವೇ ಎಲ್ಲವನ್ನೂ ನಿರ್ಧರಿಸಬೇಕು. ಎಂಜಿನ್ನುಗಳ ನೂಕುಬಲ ಎಣಿಸಿದ್ದಕ್ಕಿಂತ ಹೆಚ್ಚಾಗಿ ದೋಷಗಳು ಕೂಡುತ್ತ ಹೋದವು. ಅವನ್ನು ತಿದ್ದಲು ಬೇಕಾದಷ್ಟು ವೇಗವಾಗಿ ತಿರುಗಲು ನೌಕೆಗೆ ಅವಕಾಶವಿರಲಿಲ್ಲ. ಇಳಿಯಲು ಗೊತ್ತುಮಾಡಿದ್ದ ಜಾಗವೂ 500 ಮೀಟರ್ ಚೌಕ, ಬಲು ಚಿಕ್ಕದು.

ಇಸ್ರೋ ಈ ಸೋಲಿನ ಕಾರಣಗಳನ್ನು ಬಹಿರಂಗವಾಗಿ ವಿವರಿಸಿತು. ಚಂದ್ರಯಾನ-3ರ ವಿನ್ಯಾಸಕ್ಕೆ ಕೇಳಿಕೊಂಡ ಪ್ರಶ್ನೆ ಬೇರೆ: ಏನೇನು ಕೆಡಬಹುದು? ಸಂವೇದಕ, ಎಂಜಿನ್, ಲೆಕ್ಕಾಚಾರ ಇವು ಕೆಟ್ಟರೂ ಇಳಿಯುವುದು ಹೇಗೆ? ಕಾಲುಗಳನ್ನು ಗಟ್ಟಿ ಮಾಡಿದರು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ವೇಗ ಅಳೆಯಲು ಬೇರೆ ಬಗೆಯ ಲೇಸರ್ ಸಂವೇದಕವನ್ನು ಸೇರಿಸಿದರು. 2023ರ ಆಗಸ್ಟ್ 23ರಂದು ಲ್ಯಾಂಡರ್ ಮೆಲ್ಲಗೆ ಇಳಿದದ್ದನ್ನು ನೀವೆಲ್ಲ ನೋಡಿದ್ದೀರಿ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ವಿದ್ಯಾರ್ಥಿಗಳು ಮೈಕ್ರೋಕಂಟ್ರೋಲರ್ ಬಳಸಿ ನೀರಿನ ಪಂಪು ನಿಯಂತ್ರಿಸುವ ಮಾದರಿ ಮಾಡಿ ತಂದಾಗ, ಅದು ಕೆಲಸ ಮಾಡುತ್ತದೆಯೇ ಎಂದಷ್ಟೇ ನೋಡಬೇಡಿ. ಸಂವೇದಕದ ತಂತಿಯನ್ನು ಕಿತ್ತು ನೋಡಿ. ಪಂಪು ನಿಲ್ಲುತ್ತದೆಯೋ, ಓಡುತ್ತಲೇ ಇರುತ್ತದೆಯೋ? ತಂತ್ರಾಂಶ ಎಲ್ಲೋ ಸಿಕ್ಕಿಕೊಂಡರೆ ಎಬ್ಬಿಸುವವರಾರು? ಹಿಂದೆ ಖಜಾನೆಯ ಪಹರೆಯವನು ಗಂಟೆಗೊಮ್ಮೆ ಗಂಟೆ ಬಾರಿಸುತ್ತಿದ್ದ. ಸದ್ದು ಬರದಿದ್ದರೆ ಅವನು ನಿದ್ದೆಹೋಗಿದ್ದಾನೆಂದು ತಿಳಿಯುತ್ತಿತ್ತು. ಅನೇಕ ಮೈಕ್ರೋಕಂಟ್ರೋಲರುಗಳಲ್ಲಿ ಇಂತಹದೇ ವಾಚ್‌ಡಾಗ್ ಟೈಮರ್ ಇದೆ. ತಂತ್ರಾಂಶ ಹೊತ್ತಿಗೆ ಸರಿಯಾಗಿ ಅದಕ್ಕೆ ‘ನಾನಿದ್ದೇನೆ’ ಎನ್ನದಿದ್ದರೆ ಅದು ಗಣಕವನ್ನು ಹೊಸದಾಗಿ ಆರಂಭಿಸುತ್ತದೆ. ವಿದ್ಯಾರ್ಥಿಗಳು ಅದನ್ನು ಬಳಸಿದ್ದಾರೆಯೇ ಎಂದು ಕೇಳಿ.

ಹಾಗೆಯೇ ಲೋಲಕದ ಉತ್ತರ 10.8 ಎಂದು ಬರೆದು ತಂದವರನ್ನು ಬೈಯಬೇಡಿ. ಮೊದಲು ಗಡಿಯಾರವನ್ನು ಪರೀಕ್ಷಿಸಿ. ತಪ್ಪನ್ನು ಹೇಳಿಕೊಳ್ಳಲು ಹೆದರುವ ವಿದ್ಯಾರ್ಥಿ ನಾಳೆ ಬಸ್ಸಿನ ಬ್ರೇಕನ್ನೋ ವಿಮಾನದ ಗಣಕವನ್ನೋ ವಿನ್ಯಾಸ ಮಾಡಬೇಕಾದವನು.

ಬೇಲೂರಿನ ಆ ಕಾರ್ಖಾನೆಯಿಂದ ನಾವು ಹೊರಡುವಾಗ ಪಾಳಿ ಬದಲಾಗುತ್ತಿತ್ತು. ಹೊಸದಾಗಿ ಬಂದ ಕೆಲಸಗಾರ ಯಂತ್ರದ ಮುಂದೆ ನಿಂತು ಮೊದಲು ಕೆಂಪು ಗುಂಡಿಯನ್ನು ಒತ್ತಿದ. ಯಂತ್ರ ನಿಂತಿತು. ಗುಂಡಿಯನ್ನು ತಿರುಗಿಸಿ ಬಿಡಿಸಿದ, ಆಮೇಲೆ ಕೆಲಸ ಆರಂಭಿಸಿದ.